ಸುಟ್ಟ ಕೈಯ ಮಚ್ಚೆಗಳು

ಐವತ್ತರ ದಶಕದ ಕೊನೆಯ ವರ್ಷಗಳು. ಸೊರಬದ ಶಾಲೆಯಲ್ಲಿ ನಾನು ಮೂರನೇ ತರಗತಿಯಲ್ಲಿದ್ದೆ. ಅಪ್ಪನ ಅಕ್ಕ, ನಮ್ಮ ಜೊತೆಗೇ ಇದ್ದ ಅತ್ತೆ, ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಕುದಿಯುವ ಜೋನಿಬೆಲ್ಲ ಮೊಗೆಯುತ್ತಿದ್ದಾಗ ಸೌಟು ಜಾರಿ ಬೆಲ್ಲ ನನ್ನ ಎಡಗೈ ಮೇಲೆ ಸುರಿಯಿತು. ಮೊಣಕೈವರೆಗೆ ಚರ್ಮ ಸುಲಿದುಬಂತು.

"ನಾನೇನು ಮಾಡ್ಲಿ ಕಣೋ, ಅವಳೇ ಬಂದು ಕೈ ಒಡ್ಡಿದ್ಲು" ಎಂದು ಅತ್ತೆ ಅಪ್ಪನಿಗೆ ಹೇಳಿದಳು.

ನಾನು ಒಡ್ಡಿರಲಿಲ್ಲ. ಅಮ್ಮ ಕಣ್ಣಾರೆ ನೋಡಿದ್ದಳು. ಅಂದಿನಿಂದ ಅಮ್ಮ ಮತ್ತು ಅತ್ತೆಯ ನಡುವೆ ಮಾತು ನಿಂತಿತು.

ಗಾಯ ಮಾಗಿ, ಮಳೆಗಾಲವೂ ಕಳೆದ ಮೇಲೆ ಸುಟ್ಟ ಜಾಗದಲ್ಲಿ ಮಾತ್ರ ಕಪ್ಪು ಚುಕ್ಕೆಗಳೆದ್ದವು. ಮೊದಲು ಎಳ್ಳಿನಷ್ಟು, ಆಮೇಲೆ ಮೆಣಸಿನ ಕಾಳಿನಷ್ಟು. ನೋವಿಲ್ಲ, ತುರಿಕೆಯಿಲ್ಲ. ಅತ್ತೆಗೆ ಅಷ್ಟೇ ಬೇಕಿತ್ತು. "ಸುಟ್ಟಿದ್ದಕ್ಕೆ ಬಂದಿದ್ದಲ್ಲ, ಇದು ಇವರಮ್ಮನ ತವರುಮನೆ ಕಡೆ ರೋಗ" ಎಂದು ಕೇರಿಯಲ್ಲೆಲ್ಲ ಸಾರಿದಳು. ನನ್ನ ತಟ್ಟೆ ಹಿತ್ತಲಿಗೆ ಹೋಯಿತು.

ಅಮ್ಮ ನನ್ನನ್ನು ಬಸ್ಸಿನಲ್ಲಿ ಶಿಕಾರಿಪುರದ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕೈಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮಚ್ಚೆ ಕಣ್ರೀ ಇವು. ಮಕ್ಕಳಿಗೆ ಸುಟ್ಟ ಚರ್ಮದಾಗೆ ಎಲ್ಲೋ ಅಪರೂಪಕ್ಕೆ ಹಿಂಗೆ ಏಳ್ತಾವೆ. ಮುಟ್ಟಿದ್ರೆ ಅಂಟಲ್ಲ. ಕೊಯ್ಯೋದು, ಸುಡೋದು ಏನೂ ಮಾಡಬ್ಯಾಡ್ರಿ."

ಮನೆಗೆ ಬಂದು ಅಮ್ಮ ಇದನ್ನು ಅಪ್ಪನಿಗೆ ಹೇಳುತ್ತಿದ್ದರೆ ಅತ್ತೆ ನಕ್ಕಳು. "ಆ ಡಾಕ್ಟ್ರು ಇವಳ ಕೈಲಿ ಉಣ್ತಾನೇನೋ ಕೇಳ್ಬೇಕಿತ್ತು."

ನಾನು ಎದ್ದುಹೋಗಿ ಅತ್ತೆಯ ಕುಡಿಯುವ ನೀರಿನ ಕೊಡದೊಳಕ್ಕೆ ಎಡಗೈ ಇಳಿಸಿ ಕಲಕಿದೆ. ಅವಳು ಓಡಿಬಂದು ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್‌ಗುಟ್ಟಿತು. ಕೈ ಮಾತ್ರ ತೆಗೆಯಲಿಲ್ಲ.

ಅಮ್ಮ ಅಡ್ಡ ಬಂದಳು. "ಇನ್ನೊಂದ್ಸಲ ಅವಳ ಮೈ ಮುಟ್ಟಿದ್ರೆ ನಾನು ಸುಮ್ನಿರಲ್ಲ, ಅತ್ತಿಗೆ. ಬೇಕಾದ್ರೆ ಈ ನೀರು ಕುಡೀರಿ. ಬೇಡಾಂದ್ರೆ ಬಾವಿ ಅಲ್ಲೇ ಇದೆ, ಸೇದ್ಕೊಳ್ಳಿ."

ಅತ್ತೆ ತಮ್ಮನ ಮುಖ ನೋಡಿದಳು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಅವನು ತನ್ನ ಪರ ನಿಲ್ಲಲಿಲ್ಲವೆಂದು ಸಿಟ್ಟಾಗಿ ಅವಳು ಜಡೆ ಊರಿನಲ್ಲಿದ್ದ ಮಗಳ ಮನೆಗೆ ಹೊರಟುಹೋದಳು.

ಅಲ್ಲಿಂದಲೂ ಅವಳು ಬಿಡಲಿಲ್ಲ. ಮುಂದೆ ನನಗೆ ಬಂದ ಮೊದಲ ಸಂಬಂಧದವರಿಗೆ, ಹುಡುಗಿಗೆ ರೋಗವಿದೆ ಎಂದು ಹೇಳಿಕಳಿಸಿದಳು. ಅವರು ಮತ್ತೆ ಬರಲಿಲ್ಲ. ಅತ್ತೆ ಸತ್ತ ಸುದ್ದಿ ಬಂದಾಗ ಅಮ್ಮನೂ ನಾನೂ ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆವು. ಅಪ್ಪ ಒಬ್ಬನೇ ಹೋದ. ನಾವು ಸಾಲು ಮುಗಿಸಿಯೇ ಮೇಲೆದ್ದೆವು.