ಫಿರಂಗಿಯ ಬಲಭುಜ

ಹ್ಯಾಂಡ್‌ಬಾಲ್ ಆಟದಲ್ಲಿ ಆಟಗಾರ್ತಿಯನ್ನು ಎಷ್ಟು ಸಲ ಬೇಕಾದರೂ ಹೊರಗೆ ಕರೆಸಿಕೊಂಡು ಮತ್ತೆ ಒಳಗೆ ಕಳಿಸಬಹುದು. ರೆಫರಿಯನ್ನು ಕೇಳಬೇಕಾಗಿಲ್ಲ, ಆಟ ನಿಲ್ಲುವುದೂ ಇಲ್ಲ. ಇಷ್ಟೂ ಗೊತ್ತಿಲ್ಲದವರು ಕಳೆದ ವಾರ ಒಬ್ಬ ಕೋಚ್‌ಗೆ ಆಟ ಕಲಿಸಲು ಹೊರಟಿದ್ದರು.

ಆ ಕೋಚ್ ಮೊದಲು ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಸಿಮೆಂಟಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಗೋಲಿನ ಕಂಬಗಳಿಗೆ ತಾವೇ ಬಣ್ಣ ಹೊಡೆದು, ಹುಡುಗಿಯರನ್ನು ಅವರ ಅಪ್ಪಂದಿರ ಹತ್ತಿರ ಬೇಡಿ ತಂದು ತಂಡ ಕಟ್ಟಿದವರು. ಅಲ್ಲಿಂದ ರಾಷ್ಟ್ರೀಯ ತಂಡದವರೆಗೆ ಹೋದರು. ಮನೆಯ ಶೋಕೇಸಿನಲ್ಲಿ ಕಪ್‌ಗಳಿಗೆ ಜಾಗ ಸಾಲದೆ ಹೆಂಡತಿ ಕೆಲವನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದಾರೆ.

"ರೀ, ಇನ್ನೊಂದು ಗೆದ್ಕೊಂಡು ಬಂದ್ರೆ ನಿಮ್ಮನ್ನೇ ವರಾಂಡದಲ್ಲಿ ಮಲಗಿಸ್ಬೇಕಾಗತ್ತೆ!"

ಕೋಚ್ ನಗುತ್ತಾರೆ. ಅವುಗಳಲ್ಲಿ ಅತಿ ದೊಡ್ಡದರ ಕಡೆ ಮಾತ್ರ ನೋಡುವುದಿಲ್ಲ.

ಅದನ್ನು ಗೆದ್ದುಕೊಟ್ಟವಳು ಫಿರಂಗಿ. ಮೈದಾನದಲ್ಲಿ ಅವಳಿಗಿದ್ದ ಹೆಸರು ಅದು. ಅವಳ ಬಲಗೈಯಿಂದ ಚೆಂಡು ಹೊರಟರೆ ಗೋಲ್‌ಕೀಪರುಗಳು ಕಣ್ಣು ಮುಚ್ಚುತ್ತಿದ್ದರು. ಆ ಟೂರ್ನಿಯ ಮಧ್ಯೆ ಅವಳ ಭುಜ ನೋಯತೊಡಗಿತು. ಕೋಚ್ ಒಂದು ಉಪಾಯ ಹೂಡಿದರು. ಚೆಂಡು ಎದುರಾಳಿಗಳ ಕೈಗೆ ಹೋದ ಕೂಡಲೇ ಫಿರಂಗಿ ಹೊರಗೆ, ಬೇರೊಬ್ಬಳು ಒಳಗೆ. ಚೆಂಡು ನಮ್ಮದಾದ ಕೂಡಲೇ ಫಿರಂಗಿ ಮತ್ತೆ ಒಳಗೆ. ಮೈಗೆ ಮೈ ಡಿಕ್ಕಿ ಹೊಡೆಯುವುದು ರಕ್ಷಣೆಯಲ್ಲಿ ತಾನೆ, ಅದನ್ನು ತಪ್ಪಿಸಿದರೆ ಹುಡುಗಿ ಬಚಾವ್ ಎಂಬ ಲೆಕ್ಕ. ಅವಳಿಗೆ ಉಳಿದದ್ದು ಎಸೆಯುವ ಕೆಲಸವೊಂದೇ. ಭುಜವನ್ನು ತಿನ್ನುತ್ತಿದ್ದದ್ದೂ ಅದೇ. ವಿಶ್ರಾಂತಿ ಕೊಡುತ್ತಿದ್ದೇನೆ ಎಂದುಕೊಂಡೇ, ಎಲ್ಲರ ಕಣ್ಣ ಮುಂದೆ, ಅವರು ಆ ಭುಜವನ್ನು ಅರೆದು ಮುಗಿಸಿದರು. ಪತ್ರಿಕೆಗಳು ಅದನ್ನು 'ಮಾಸ್ಟರ್ ಪ್ಲಾನ್' ಎಂದವು. ನಾವೆಲ್ಲ ಬೀದಿಯಲ್ಲಿ ಕುಣಿದೆವು.

ಗೊತ್ತಿಲ್ಲದೆ ಆದದ್ದು ಅನ್ನೋಣವೇ? ಕೋಚ್ ಹಾಗೆ ಅನ್ನುವುದಿಲ್ಲ. ಬೆಂಚಿಗೆ ಬಂದಾಗಲೆಲ್ಲ ಅವಳು ನೀರಿನ ಬಾಟಲಿಯನ್ನು ಎಡಗೈಯಲ್ಲೇ ಎತ್ತುತ್ತಿದ್ದಳು. "ನೋಡ್ತಾ ಇದ್ದೆ. ನೋಡಿ ಮುಖ ತಿರುಗಿಸ್ಕೊಂಡೆ" ಎನ್ನುವುದು ಅವರದೇ ಮಾತು.

ಫಿರಂಗಿ ಈಗ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಈ ಸಲದ ಫೈನಲ್‌ಗೆ ಮುಂಚೆ ಕೋಚ್ ಅಲ್ಲಿಗೆ ಹೋದರು. ಈಗಿನ ತಂಡದಲ್ಲಿ ಗೋಲು ಹೊಡೆಯುವವಳು ಇನ್ನೂ ಕಾಲೇಜು ಹುಡುಗಿ. ಅವಳಿಗೂ ಅದೇ ಭುಜ, ಅದೇ ನೋವು. ಡಾಕ್ಟರು ಬೇಡ ಎಂದಿದ್ದರು, ತಂಡ ನಡೆಸುವ ಹ್ಯಾಂಡ್‌ಬಾಲ್ ಸಂಘದವರು ಬೇಕೇ ಬೇಕು ಎಂದಿದ್ದರು.

"ಬನ್ನಿ ಸರ್, ಸರಿಯಾದ ಟೈಮಿಗೆ ಬಂದ್ರಿ. ಆ ಮೇಲಿನ ಕುಕ್ಕರ್ ಸ್ವಲ್ಪ ಇಳಿಸಿಕೊಡಿ, ಗಿರಾಕಿ ಕಾಯ್ತಿದ್ದಾರೆ."

ಕೋಚ್ ಇಳಿಸಿಕೊಟ್ಟರು. "ಕೈ ಹೇಗಿದೆಯಮ್ಮಾ?"

"ನಿಮ್ಮನೆ ಶೋಕೇಸಲ್ಲಿ ಇದೆಯಲ್ಲ ಸರ್, ನೀವೇ ಹೇಳ್ಬೇಕು."

ಅವರು ತಲೆ ತಗ್ಗಿಸಿಕೊಂಡೇ ಕಾಲೇಜು ಹುಡುಗಿಯ ವಿಷಯ ಹೇಳಿದರು. "ಅವಳೇ ಆಡ್ತೀನಿ ಅಂತ ಹಟ ಹಿಡಿದಿದ್ದಾಳೆ ಕಣಮ್ಮ."

"ನಾನೂ ಹಿಡಿದಿದ್ದೆ. ಅವತ್ತು ನೀವು ಬೇಡ ಅಂದಿದ್ರೆ ನಿಮಗೆ ಶಾಪ ಹಾಕ್ತಿದ್ದೆ, ನಿಜ. ಆದ್ರೆ ಇವತ್ತು ನನ್ನ ಜಡೆ ನಾನೇ ಹಾಕ್ಕೋತಿದ್ದೆ. ದಿನಾ ಅತ್ತೆ ಹತ್ರ ಜಡೆ ಹಾಕಿಸ್ಕೊಂಡು, ಜೊತೆಗೆ ಬೈಸ್ಕೊಂಡೂ ಬರೋದು ತಪ್ತಿತ್ತು."

ಕ್ಷಮಿಸು ಎನ್ನಲು ಅವರು ಬಾಯಿ ತೆರೆದರು.

"ಅದು ನನಗೆ ಬೇಡ ಸರ್. ಅಲ್ಲಿ ಹೋಗಿ ಬೇಡ ಅನ್ನಿ."

ಫೈನಲ್ ದಿನ ಅವರು ಆ ಹುಡುಗಿಗೆ ಜೆರ್ಸಿಯನ್ನೇ ಕೊಡಲಿಲ್ಲ. ಆಡುವ ಬಟ್ಟೆ ಅವಳ ಮೈಮೇಲಿದ್ದರೆ ದ್ವಿತೀಯಾರ್ಧದಲ್ಲಿ ಮನಸ್ಸು ಸೋತು ಕಳಿಸಿಬಿಟ್ಟೇನು ಎಂಬ ಭಯ ಅವರಿಗೆ. ತಂಡ ಸೋತಿತು. ಹುಡುಗಿ ಅವರ ಮುಖ ನೋಡದೆ ಬಸ್ಸು ಹತ್ತಿದಳು. ಗ್ಯಾಲರಿಯಿಂದ ಬಾಟಲಿಗಳು ಬಿದ್ದವು. ಮುದುಕನಿಗೆ ಅರಳು ಮರಳು ಎಂದು ಮೊಬೈಲಿನಲ್ಲಿ, ಇದನ್ನು ಓದುತ್ತಿರುವ ನೀವೇ ಬರೆದಿರಿ. ಸಂಘ ಅವರನ್ನು ಮನೆಗೆ ಕಳಿಸಿದೆ.

ಒಂದು ಭುಜ ಉಳಿಸಿದ್ದರಿಂದ ಇನ್ನೊಂದು ಭುಜದ ಪಾಪ ಕಳೆಯಿತು ಎಂದು ಅವರು ಅಂದುಕೊಂಡಿಲ್ಲ. ಅಂದುಕೊಳ್ಳಲೂ ಬಾರದು. ಆದರೆ ಆ ಪಾಪದಲ್ಲಿ ತಮ್ಮ ಪಾಲನ್ನು ಅವರು ಒಪ್ಪಿಕೊಂಡಿದ್ದಾರೆ. ಉಳಿದ ಪಾಲು ಗ್ಯಾಲರಿಯದು. ಅವತ್ತು "ಫಿರಂಗಿ, ಫಿರಂಗಿ" ಎಂದು ಕೂಗಿ ಅವಳನ್ನು ಬೆಂಚಿನಿಂದ ಎಬ್ಬಿಸಿದ್ದು ಯಾರು? ಮುಂದಿನ ಪಂದ್ಯಕ್ಕೂ ಹೋಗುತ್ತೀರಲ್ಲ, ಬೆಂಚಿನ ಮೇಲೆ ಭುಜ ಹಿಡಿದುಕೊಂಡು ಕೂತವಳು ಕಂಡರೆ ಅವಳ ಹೆಸರು ಕೂಗಬೇಡಿ. ತಂಡ ಸೋಲುತ್ತಿದ್ದರೂ ಸರಿ, ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ.