ಶನಿವಾರದ ಮೋಟರ್‌ಸೈಕಲ್

ನ್ಯಾಮತಿಯ ವಿದ್ಯುತ್ ಕಚೇರಿಯಲ್ಲಿ ಮೇಲ್ವಿಚಾರಕರಾಗಿದ್ದ ಅವರು ಕೊಂಕಣ ಕಡೆಯ ಯಹೂದಿ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಸಂಜೆ ಚುಕ್ಕಿ ಮೂಡುವವರೆಗೆ ಅವರ ಧರ್ಮದಲ್ಲಿ ಬೆಂಕಿ ಹೊತ್ತಿಸುವಂತಿಲ್ಲ; ದೀಪದ ಸ್ವಿಚ್ಚು, ಗಾಡಿಯ ಎಂಜಿನ್ನು ಎಲ್ಲವೂ ಬೆಂಕಿಯ ಲೆಕ್ಕವೇ. ಊರಿಗೆಲ್ಲ ದೀಪ ಕೊಡುವ ಮನುಷ್ಯ ಆ ಹೊತ್ತಿನಲ್ಲಿ ತಮ್ಮ ಮನೆಯ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಶುಕ್ರವಾರ ಹಗಲೇ ಸ್ವಿಚ್ಚಿಗೆ ಜೋಡಿಸಿಟ್ಟ ಅಲಾರಾಂ ಗಡಿಯಾರವೊಂದು ರಾತ್ರಿ ತಾನಾಗಿ ದೀಪ ಆರಿಸುತ್ತಿತ್ತು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು ಅದನ್ನು ಶಾಸ್ತ್ರಕ್ಕೆ ಬಗೆದ ವಂಚನೆಯೆಂದು ವಾದಿಸಿದೆ. ಅವರು ಮೀಸೆ ನೀವುತ್ತಾ, "ಬೊಂಬಾಯಿನಾಗಿರೋ ನಮ್ಮ ಧರ್ಮದ ಹಿರಿಯರಿಗೆ ಬರೆದು ಕೇಳೀನಿ ರೀ, ಆಗ್ತೈತೆ ಅಂದಾರೆ" ಎಂದರು. ಹೊಸ ಪ್ರಶ್ನೆ ಎದ್ದಾಗಲೆಲ್ಲ ಅವರದು ಒಂದೇ ಮಾತು: "ಬರೆದು ಕೇಳೋಣ."

ಒಂದು ಶನಿವಾರ ಮಧ್ಯಾಹ್ನ ಊರಾಚೆಯ ನಮ್ಮ ಮನೆಯಲ್ಲಿ ಅಕ್ಕನ ಹೆರಿಗೆ ಕಷ್ಟವಾಯಿತು. ನಮಗೆ ಗೊತ್ತಿದ್ದವರಲ್ಲಿ ಮೋಟರ್‌ಸೈಕಲ್ ಇದ್ದದ್ದು ಅವರೊಬ್ಬರಲ್ಲೇ; ಶನಿವಾರವೆಂದು ಅಳುಕುತ್ತಲೇ ಅವರ ಬಾಗಿಲು ತಟ್ಟಿದೆ. ಅಂದು ಅವರು ಯಾರಿಗೂ ಬರೆದು ಕೇಳಲಿಲ್ಲ. "ಜೀವದ ಪ್ರಶ್ನೆ ಬಂದ್ರೆ ಶನಿವಾರದ ಕಟ್ಟು ಮುರೀಬೇಕು ಅಂತ ನಮ್ಮ ಶಾಸ್ತ್ರನೇ ಹೇಳೈತೆ" ಎನ್ನುತ್ತಾ ಮೋಟರ್‌ಸೈಕಲ್ ಹತ್ತಿ, ಆಸ್ಪತ್ರೆಯ ನರ್ಸಮ್ಮನನ್ನು ಕೂರಿಸಿಕೊಂಡು ನಮ್ಮ ಮನೆಗೆ ಬಂದರು.

ಗಂಟೆಯೊಳಗೆ ಹೆಣ್ಣುಮಗು ಹುಟ್ಟಿತು. ಅಕ್ಕ ಉಳಿದಳು. ಅವರು ಗಾಡಿಯನ್ನು ನಮ್ಮ ಅಂಗಳದಲ್ಲೇ ಬಿಟ್ಟು ಬಿಸಿಲಿನಲ್ಲಿ ನಡೆದು ಹೊರಟರು.

"ಗಾಡಿ ಐತಲ್ರೀ, ನಡಕಂಡು ಯಾಕೆ?" ಎಂದಳು ಅವ್ವ.

"ಅವಸರ ಮುಗೀತಲ್ಲ ಅವ್ವಾರೆ. ಇನ್ನು ಓಡಿಸಾಕೆ ಅಪ್ಪಣೆ ಇಲ್ಲ. ಚುಕ್ಕಿ ಮೂಡಿದ ಮ್ಯಾಲೆ ಬಂದು ಒಯ್ತೀನಿ."

"ಅವಸರ ಇಲ್ಲ ಅಂದ್ಮೇಲೆ ಕುಂತು ಮಗೀನ ಮುಖ ನೋಡ್ಕಂಡು ಹೋಗ್ರಿ."

ಅವರು ನಗುತ್ತಾ ಜಗಲಿಯ ಮೇಲೆ ಕುಳಿತರು. ಹೊಸ ವಾದವೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಅವರಿಗೆ ಬಾಳೆಹಣ್ಣು ತರಲು ಒಳಗೆ ಹೋದೆ.