ಡಾಕ್ಟರೇ ರೋಗಿಯಾಗಿ ಬರುವ ಬಾಗಿಲು

ಬೆಳಗಿನ ಐದೂವರೆ. ತಿಪಟೂರಿನ ಆಸ್ಪತ್ರೆಯೊಂದರ ಹಿಂದಿನ ಬಾಗಿಲ ಚಿಲಕ ತೆಗೆದು, ಆಯಾ ಗುರುಸಿದ್ದಮ್ಮ ಅಂಗಳ ಗುಡಿಸಲು ನಿಲ್ಲುತ್ತಾರೆ. ತಲೆಗೆ ಮಫ್ಲರ್ ಸುತ್ತಿಕೊಂಡ ತರುಣನೊಬ್ಬ ಅವರ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಾನೆ. ಅವರು ತಲೆ ಎತ್ತುವುದಿಲ್ಲ. ಎತ್ತಿದರೆ ಅವನು ಮುಂದಿನ ಸಲ ಬರುವುದಿಲ್ಲ.

ಅವನು ತರಬೇತಿಗೆ ಬಂದ ಹೌಸ್ ಸರ್ಜನ್. ಬೆಂಗಳೂರಿನಿಂದ ತಿಂಗಳಿಗೆರಡು ಸಲ ಬರುವ ಮನೋವೈದ್ಯರು ಊರಿನವರನ್ನು ನೋಡುವುದು ಒಂಬತ್ತಕ್ಕೆ. ನಿದ್ದೆಗೆಟ್ಟು, ಒಳಗೊಳಗೇ ಕುಸಿದ ಎಳೆಯ ಡಾಕ್ಟರುಗಳು, ನರ್ಸಿಂಗ್ ಹುಡುಗಿಯರು ಬರುವುದು ಈ ಹೊತ್ತಿಗೆ. ಆಸ್ಪತ್ರೆಯ ಹೆಸರನ್ನಾಗಲಿ ತಮ್ಮ ನಿಜ ಹೆಸರನ್ನಾಗಲಿ ಬರೆಯಬಾರದೆಂಬುದು ಈ ತಾಯಿಯ ಷರತ್ತು. ಗುರುಸಿದ್ದಮ್ಮ ಎಂಬುದು ನಾವಿಟ್ಟ ಹೆಸರು.

ನೊಣವಿನಕೆರೆ ಕಡೆಯ ಇವರಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹತ್ತೊಂಬತ್ತು ವರ್ಷದ ಕೆಲಸ. ದಿನಕ್ಕೆ ಮೂವತ್ತೆಂಟು ಹಾಸಿಗೆಯ ಬಟ್ಟೆ ಬದಲಿಸಬೇಕು. ಇಷ್ಟು ದಿನದಲ್ಲಿ ಈ ಬಾಗಿಲಿಂದ ಎಷ್ಟು ಜನ ಬಂದಿರಬಹುದು? "ಎಣಿಸಕ್ಕೋಗಿಲ್ಲ ಕಣಪ್ಪ. ಎಣಿಸಿದ್ರೆ ಮುಖ ಗ್ಯಾಪ್ಕ ಬತ್ತದೆ."

ಬಾಗಿಲು ತೆರೆಯುವ ಪದ್ಧತಿ ಶುರುವಾದದ್ದು ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವರದೇ ತಪ್ಪಿನಿಂದ. ಮನೋವೈದ್ಯರ ಕೋಣೆಯ ಮುಂದಿನ ಸಾಲಿನ ಕೊನೆಯಲ್ಲಿ ಹೌಸ್ ಸರ್ಜನ್ ಒಬ್ಬ ತಲೆ ತಗ್ಗಿಸಿ ನಿಂತಿದ್ದ. ಡಾಕ್ಟರನ್ನು ಸಾಲಿನಲ್ಲಿ ನಿಲ್ಲಿಸುವುದುಂಟೇ ಎಂದು ಇವರಿಗೆ ಗೌರವ ಉಕ್ಕಿಬಂತು. "ಜಾಗ ಬುಡ್ರೋ, ನಮ್ ಡಾಕ್ಟ್ರು ತೋರಿಸ್ಕೋಬೇಕು!" ಎಂದು ಕೂಗಿ ದಾರಿ ಬಿಡಿಸಿದರು. ಸಾಲಿಗೆ ಸಾಲೇ ತಿರುಗಿ ನೋಡಿತು. ಸಂಜೆಯೊಳಗೆ ಕೊಬ್ಬರಿ ಮಾರುಕಟ್ಟೆಯವರೆಗೂ ಸುದ್ದಿ. ಮರುದಿನ ವಾರ್ಡಿನಲ್ಲಿ ಮುದುಕಿಯೊಬ್ಬಳು, "ಆ ತಲೆ ಕೆಟ್ಟ ಡಾಕ್ಟ್ರು ನನ್ ಕೈ ಮುಟ್ಟೋದ್ ಬ್ಯಾಡ" ಎಂದಳು. ಹದಿನೈದು ದಿನಕ್ಕೆ ಅವನು ಟ್ರಂಕು ಹೊತ್ತು ರೈಲು ಹತ್ತಿದ. ಆಮೇಲೆ ಏನಾದನೋ ಯಾರಿಗೂ ತಿಳಿಯದು.

"ಗೌರವ ಕೊಡಕ್ಕೋಗಿ ಒಂದು ಜೀವಾನೇ ಕೆಡಿಸ್ಬುಟ್ಟೆ," ಎನ್ನುತ್ತಾರೆ ಗುರುಸಿದ್ದಮ್ಮ. ಅವನು ಹೋದ ಮೇಲೆ ಮನೋವೈದ್ಯರ ಕಾಲಿಗೆ ಬಿದ್ದು ಬೆಳಗಿನ ಈ ಹೊತ್ತನ್ನು ಗೊತ್ತು ಮಾಡಿಸಿದ್ದು ಅವರೇ.

ಹೋದ ತಿಂಗಳು ಆಫೀಸಿನ ಶ್ರೀರಂಗಯ್ಯ, "ಯಾರ್ಯಾರು ಬತ್ತಾರೆ ಅಂತ ಹೇಳಮ್ಮ, ಅವರ ಟ್ರೈನಿಂಗ್ ಸರ್ಟಿಫಿಕೇಟಿಗೆ ಸಹಿ ಹಾಕೋ ಮುಂಚೆ ಮೇಲಿನೋರು ಕೇಳ್ತಾವ್ರೆ" ಎಂದರಂತೆ. "ನಂಗೆ ಕಣ್ಣು ಮಂಜು ಕಣ್ರೀ, ಕಸ ಬುಟ್ರೆ ಏನೂ ಕಾಣಕಿಲ್ಲ" ಎಂದು ಇವರು ಜಾರಿಕೊಂಡರು. ಸೂಜಿಗೆ ದಾರ ಪೋಣಿಸಲು ಅವರಿಗೆ ಇವತ್ತಿಗೂ ಕನ್ನಡಕ ಬೇಡ! ಅಂದಿನಿಂದ ಆಫೀಸಿನವರು ಮುಖ ಕೊಟ್ಟು ಮಾತಾಡುವುದಿಲ್ಲ. ಒಂದು ಸುದ್ದಿಯನ್ನೂ ಬಾಯಿಬಿಡದ ಹೆಂಗಸಿನ ಜತೆ ಉಳಿದ ಆಯಾಗಳಿಗೂ ಊಟಕ್ಕೆ ಕೂರಲು ಬೇಸರ. ಮಧ್ಯಾಹ್ನ ಅವರು ಬಟ್ಟೆ ಒಣಹಾಕುವ ಕಟ್ಟೆಯ ಮೇಲೆ ಒಬ್ಬರೇ ಬುತ್ತಿ ಬಿಚ್ಚುತ್ತಾರೆ.

ವಾಸಿಯಾದವರೂ ಹತ್ತಿರ ಬರುವುದಿಲ್ಲ. ಮೊನ್ನೆ ಸಂತೆಯಲ್ಲಿ ಒಬ್ಬಳು ಡಾಕ್ಟರಮ್ಮ ಇವರನ್ನು ಕಂಡದ್ದೇ ಸೊಪ್ಪಿನ ಚೌಕಾಸಿ ಅರ್ಧಕ್ಕೆ ಬಿಟ್ಟು ಹೊರಟುಹೋದಳು.

"ನಾನೂ ಅತ್ಲಾಗೆ ತಿರುಗ್ಕೊಂಡೆ. ಪಾಪ, ನನ್ ಮುಖ ಕಂಡ್ರೆ ಆ ದಿನಗಳೇ ಗ್ಯಾಪ್ಕ ಬತ್ತವೆ ಅವ್ರಿಗೆ. ಆದ್ರೂ ಒಂದಾಸೆ ಕಣಪ್ಪ. ಸಾಯೋದ್ರೊಳಗೆ ಒಬ್ರಾದ್ರೂ ಸಂತೇಲಿ ಎಲ್ರೆದುರಿಗೆ ನಿಂತು, ಚೆನ್ನಾಗಿದ್ದೀಯೇನಮ್ಮ ಅಂತ ಕೇಳ್ಲಿ."